ರಕ್ತದ ಅಂಗಿ ತೊಳಿಬ್ಯಾಡ್ರಿ, ಹ್ಯಾಕ್ ಆದ ಕಂಪ್ಯೂಟರ್ ಫಾರ್ಮ್ಯಾಟ್ ಹೊಡಿಬ್ಯಾಡ್ರಿ



ಪೋಸ್ಟ್ ಉದ್ದ ಐತಿ, ಆದರೂ ಪೂರ್ತಿ ಓದ್ರಿ. ನಾನು ಮಾಡಿದ ಒಂದು ತಪ್ಪಿನ ವಿಷಯ ಇದು. ಎರಡೂವರೆ ವರ್ಷ ಆಯ್ತು, ಸಂಘಟನೆಯ ನಾಲ್ಕೈದು ಮಂದಿ ಬಿಟ್ಟರೆ ಯಾರ ಮುಂದೂ ಹೇಳಿರಲಿಲ್ಲ. ಈಗ ಹೇಳಲೇಬೇಕು ಅನ್ನಿಸಿದೆ.

ದೌರ್ಜನ್ಯದ ಕೇಸುಗಳಲ್ಲಿ ಓಡಾಡಿದವರಿಗೆ ಇದು ಗೊತ್ತಿರುವ ಮಾತು. ರಾತ್ರಿ ಹನ್ನೊಂದಕ್ಕೆ ಯಾವುದೋ ಹಳ್ಳಿಯಿಂದ ಫೋನ್ ಬರುತ್ತದೆ. "ಅಣ್ಣಾ, ನಮ್ಮ ಹುಡುಗಗ ಹೊಡದಾರ." ನಾವು ಮೊದಲು ಹೇಳೋದು ಏನು? "ದವಾಖಾನಿಗೆ ಕರಕೊಂಡ ಹೋಗ್ರಿ. ಅಂಗಿ ತೊಳಿಬ್ಯಾಡ್ರಿ. ಬಡಿಗಿ ಬಿದ್ದಿದ್ರ ಮುಟ್ಟಬ್ಯಾಡ್ರಿ. ಮೊಬೈಲ್‌ನಾಗ ಫೋಟೋ ತಗೀರಿ." ಅವ್ವನ ಕೈ ತಾನಾಗೇ ಆ ಅಂಗಿ ಕಡೆ ಹೋಗುತ್ತದೆ. ಮಗನ ರಕ್ತ ಕಂಡರೆ ಯಾವ ತಾಯಿಗೂ ಹಂಗೇ ಆಗುತ್ತದೆ. ಆದರೆ ಆ ಅಂಗಿ ಪಂಚನಾಮೆಗೆ ಬರಬೇಕಾದ ಸಾಕ್ಷಿ. ತೊಳೆದರೆ ಅಂಗಿ ಸ್ವಚ್ಛ, ಕೇಸೂ ಸ್ವಚ್ಛ.

ಇಷ್ಟು ವರ್ಷ ಬೇರೆಯವರಿಗೆ ಇದನ್ನೇ ಹೇಳಿಕೊಂಡು ಬಂದ ನಾನು, ನನ್ನ ಮನೆಯ ಕಂಪ್ಯೂಟರ್ ಹ್ಯಾಕ್ ಆಗಿದೆ ಅಂತ ಗೊತ್ತಾದ ದಿನ ಕೈಯಾರೆ ಅಂಗಿ ತೊಳೆದುಬಿಟ್ಟೆ.

ಖಾನಾಪುರದ ನಮ್ಮ ಮನೆಯ ಕಂಪ್ಯೂಟರ್ ಸೆಕೆಂಡ್ ಹ್ಯಾಂಡ್. ಹೆಸರಿಗೆ ಮನೆಯದು, ಕೆಲಸ ಇಡೀ ಗಲ್ಲಿಯದು. ಹುಡುಗರ ಸ್ಕಾಲರ್‌ಶಿಪ್ ಅರ್ಜಿ ಅದರಲ್ಲೇ. ಜಾತಿ, ಆದಾಯ ಪ್ರಮಾಣಪತ್ರದ ಸ್ಕ್ಯಾನ್, ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲಾ ಅದರಲ್ಲೇ. ಜಯಂತಿಯ ಪಟ್ಟಿ ಲೆಕ್ಕ, ಪಿಟಿಸಿಎಲ್ ಜಮೀನು ಕೇಸಿನ ಕಾಗದ, ದೌರ್ಜನ್ಯದ ದೂರುಗಳ ಕರಡು, ಪೆಟ್ಟು ತಿಂದವರ ಫೋಟೋ ಸಹ ಅಲ್ಲೇ. ಹಿಂದೆ ನಮ್ಮ ಹಿರಿಯರು ತಗಡಿನ ಟ್ರಂಕಿನಲ್ಲಿ ಕೀಲಿ ಹಾಕಿ ಇಡುತ್ತಿದ್ದದ್ದನ್ನೆಲ್ಲ ನಾವು ಕೀಲಿ ಇಲ್ಲದ ಡಬ್ಬಿಯಲ್ಲಿ ಇಟ್ಟಿದ್ದೆವು.

2023ರ ಮಳೆಗಾಲ. ಸ್ಕಾಲರ್‌ಶಿಪ್ ಫಲಾನುಭವಿಗಳ ಪಟ್ಟಿ ಅಂತ ಒಂದು ಮೇಲ್ ಬಂತು. ಜಿಪ್ ಫೈಲು, ಅದಕ್ಕೊಂದು ಪಾಸ್‌ವರ್ಡ್, ಪಾಸ್‌ವರ್ಡೂ ಅದೇ ಮೇಲ್‌ನಲ್ಲಿ ಬರೆದಿತ್ತು. ನಮ್ಮ ಅಳಿಯ, ಡಿಗ್ರಿ ಓದುವ ಹುಡುಗ, ತೆರೆದ. "ಮಾಮಾ, ಏನೂ ಓಪನ್ ಆಗವಲ್ದು" ಅಂದ. "ಬಿಡೋ, ಫೈಲ್ ಕೆಟ್ಟಿರಬೇಕು" ಅಂದೆ. ಒತ್ತಿದ ಮೇಲೆ ಏನೂ ಆಗದೇ ಇರೋದೇ ಒಂದು ಸೂಚನೆ ಅಂತ ನನಗೆ ಆವಾಗ ಗೊತ್ತಿರಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ತಾಲೂಕಿನ ಒಂದು ಹಳ್ಳಿಯ ಅಕ್ಕ ಬಂದಳು. ಹೊಲದ ಬದುವಿನ ಜಗಳ, ಜಾತಿ ಹೆಸರಿನಲ್ಲಿ ಬೈಗುಳ, ಹೊಡೆತ. ರಾತ್ರಿ ಕುಂತು ದೂರಿನ ಕರಡು ಟೈಪ್ ಮಾಡಿದೆ. ಅವಸರದಲ್ಲಿ ಘಟನೆಯ ದಿನ ಮಂಗಳವಾರ ಅನ್ನೋದರ ಬದಲು ಬುಧವಾರ ಅಂತ ಹಾಕಿದ್ದೆ. ತಿದ್ದಿ ಕೊಡೋಣ ಅಂತ ಇಟ್ಟುಕೊಂಡಿದ್ದೆ. ಪ್ರಿಂಟ್ ತೆಗೆದಿರಲಿಲ್ಲ, ಠಾಣೆಗೆ ಕೊಟ್ಟಿರಲಿಲ್ಲ.

ಮೂರನೇ ದಿನ ಎದುರು ಪಾರ್ಟಿಯವರು ಅಕ್ಕನ ಬಾಗಿಲಿಗೆ ಬಂದರು. "ಏನವ್ವಾ, ಬುಧವಾರ ಹೊಡದೇವಿ ಅಂತ ಬರಸೀಯಂತಲ್ಲ? ಬುಧವಾರ ನಾವು ಊರಾಗ ಇರಲೇ ಇಲ್ಲ. ಕೊಡು ದೂರು, ನೋಡೋಣು."

ಬುಧವಾರ ಅನ್ನೋ ಆ ತಪ್ಪು ಇದ್ದದ್ದು ನನ್ನ ಕಂಪ್ಯೂಟರಿನ ಕರಡಿನಲ್ಲಿ ಮಾತ್ರ.

ಅಕ್ಕ ದೂರು ಕೊಡಲಿಲ್ಲ. "ನಾನೂ ಅಲ್ಲೇ ಬಾಳ್ವೆ ಮಾಡ್ಬೇಕಲ್ರಿ ಸರ್" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತು ರಾತ್ರಿ ಮೇಲ್ ಸೆಟ್ಟಿಂಗ್ ತೆಗೆದು ನೋಡಿದೆ. ನನಗೆ ಬರುವ ಪ್ರತಿ ಮೇಲ್‌ನ ಒಂದು ಪ್ರತಿ ಗುರುತಿಲ್ಲದ ಇನ್ನೊಂದು ವಿಳಾಸಕ್ಕೆ ಹೋಗುತ್ತಿತ್ತು. ಆಂಟಿವೈರಸ್ ಯಾವಾಗಲೋ ಬಂದ್ ಆಗಿತ್ತು. ಮೈ ಉರಿದುಹೋಯ್ತು. ಆ ವಿಳಾಸವನ್ನ ಬರೆದೂ ಇಟ್ಟುಕೊಳ್ಳದೆ, ಫೋಟೋನೂ ತೆಗೆಯದೆ ಡಿಲೀಟ್ ಹೊಡೆದೆ. ಆ ಜಿಪ್ ಮೇಲನ್ನೂ ಅಳಿಸಿದೆ. ಮರುದಿನ ಸಿಪಿಯು ಗಂಟು ಕಟ್ಟಿಕೊಂಡು ಬೆಳಗಾವಿ ಬಸ್ ಹತ್ತಿದೆ. ಅಂಗಡಿಯ ಹುಡುಗ ಒಂದು ತಾಸಿನಲ್ಲಿ ಎಲ್ಲಾ ಫಾರ್ಮ್ಯಾಟ್ ಹೊಡೆದು ಕೊಟ್ಟ. "ಹೊಸಾದ್ರಂಗ ಆಗೇತಿ ನೋಡ್ರಿ ಅಣ್ಣಾ" ಅಂದ. ನನಗೂ ಸಮಾಧಾನ ಆಯ್ತು.

ಆಮೇಲೆ ದೂರು ಕೊಡಾಕ ಹೋದೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆ: "ಹ್ಯಾಕ್ ಆಗಿತ್ತು ಅನ್ನೋದಕ್ಕ ಏನ್ ಐತ್ರಿ?" ಏನಿತ್ತು? ಹೊಸದರಂತೆ ಆದ ಕಂಪ್ಯೂಟರ್ ಇತ್ತು.

ಇದಕ್ಕಿಂತ ಕೆಟ್ಟದ್ದು ನಮ್ಮ ನಡುವೆಯೇ ನಡೆಯಿತು. ಸಂಘಟನೆಯಲ್ಲಿ ಗುಸುಗುಸು ಶುರುವಾಯ್ತು. "ಮನಿಯವರ ಯಾರೋ ಹೇಳ್ಯಾರ." ಬೆರಳು ನಮ್ಮ ಅಳಿಯನ ಕಡೆ ಹೋಯ್ತು. ಆ ಊರಿನಲ್ಲಿ ಅವನಿಗೆ ಒಬ್ಬ ಗೆಳೆಯ ಇದ್ದ, ಅಷ್ಟೇ ಕಾರಣ ಸಾಕಾಯ್ತು. ಹುಡುಗ ಆರು ತಿಂಗಳು ಸಮಾಜ ಮಂದಿರದ ಕಡೆ ಮುಖ ಹಾಕಲಿಲ್ಲ. ಅವನು ತಪ್ಪಿತಸ್ಥ ಅಲ್ಲ ಅಂತ ತೋರಿಸುವ ಒಂದೇ ವಸ್ತು ಆ ಡಿಸ್ಕ್ ಆಗಿತ್ತು. ಅದನ್ನ ನಾನೇ ಅಳಿಸಿದ್ದೆ. ಇವತ್ತಿಗೂ ಕರಡು ಕಂಪ್ಯೂಟರಿನಿಂದಲೇ ಹೋಯ್ತು ಅಂತ ನಾನು ಸಿದ್ಧ ಮಾಡಲಾರೆ. ಹೋಗಿಲ್ಲ ಅಂತ ಇನ್ಯಾರೂ ಸಿದ್ಧ ಮಾಡಲಾರರು. ಸಂಶಯ ಮಾತ್ರ ಉಳಿಯಿತು. ಸಂಶಯದಿಂದ ಒಡೆದ ಸಂಘಟನೆಗಳ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ನನ್ನ ಮನೆಯ ಮಾತು ಬಿಟ್ಟು, ನಾವೆಲ್ಲ ನೋಡಿರುವ ಒಂದು ದೊಡ್ಡ ಕೇಸಿಗೆ ಬರ್ತೇನಿ.

ಭೀಮಾ ಕೋರೆಗಾಂವ್. ಪ್ರತಿ ಜನವರಿ 1ಕ್ಕೆ ನಮ್ಮ ಬೆಳಗಾವಿಯಿಂದಲೂ ಮಂದಿ ಹೋಗುವ ಜಾಗ. 2018ರಲ್ಲಿ ಅಲ್ಲಿ ಹಿಂಸೆ ನಡೆದ ಮೇಲೆ ಪುಣೆ ಪೊಲೀಸರು ಹಾಕಿದ ಕೇಸಿನಲ್ಲಿ ಜೈಲಿಗೆ ಹೋದವರ ಹೆಸರು ನಿಮಗೆ ಗೊತ್ತು. ದಲಿತ ಹೋರಾಟಗಾರ ಸುಧೀರ್ ಢವಳೆ, ನಾಗಪುರದ ದಲಿತ ವಕೀಲ ಸುರೇಂದ್ರ ಗಡ್ಲಿಂಗ್, ರೋನಾ ವಿಲ್ಸನ್, ಮುದುಕ ಪಾದ್ರಿ ಸ್ಟ್ಯಾನ್ ಸ್ವಾಮಿ. ಆ ಕೇಸಿನ ದೊಡ್ಡ ಸಾಕ್ಷಿ ಅಂದರೆ ಕಂಪ್ಯೂಟರಿನಲ್ಲಿ ಸಿಕ್ಕವು ಅಂತ ಹೇಳಿದ ಪತ್ರಗಳು.

2021ರ ಫೆಬ್ರವರಿಯಲ್ಲಿ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಅನ್ನೋ ಡಿಜಿಟಲ್ ಫೊರೆನ್ಸಿಕ್ ಸಂಸ್ಥೆಯ ವರದಿ ಹೊರಬಂತು. ರೋನಾ ವಿಲ್ಸನ್ ಅವರ ಡಿಸ್ಕಿನ ಪ್ರತಿಯನ್ನ ಅವರು ಪರೀಕ್ಷೆ ಮಾಡಿದ್ದರು. 2016ರ ಜೂನ್ 13ರಂದು ಪರಿಚಯದವರ ಅಕೌಂಟಿನಿಂದ ಒಂದು ಮೇಲ್ ಬಂತು. ಕಳಿಸಿದವರು ಮತ್ತೆ ಮತ್ತೆ ಒತ್ತಾಯ ಮಾಡಿ ಫೈಲ್ ತೆರೆಸಿದರು. ಅದರ ಒಳಗೆ ನೆಟ್‌ವೈರ್ ಅನ್ನೋ ದೂರದಿಂದ ಕಂಪ್ಯೂಟರ್ ನಡೆಸುವ ಕಳ್ಳ ತಂತ್ರಾಂಶ ಇತ್ತು. 2018ರ ಏಪ್ರಿಲ್ 17ಕ್ಕೆ ಪೊಲೀಸರು ದೆಹಲಿಯ ಮನೆಗೆ ಬಂದು ವಶಪಡಿಸಿಕೊಳ್ಳುವ ತನಕ, ಅಂದರೆ 22 ತಿಂಗಳು, ಆ ಕಂಪ್ಯೂಟರ್ ಇನ್ನೊಬ್ಬರ ಕೈಯಲ್ಲಿತ್ತು. ಯಾರಿಗೂ ಕಾಣದ ಒಂದು ಫೋಲ್ಡರಿನಲ್ಲಿ ಪತ್ರಗಳನ್ನ ತಂದು ಇಟ್ಟಿದ್ದರು, ಆ ಪತ್ರಗಳನ್ನ ಆ ಕಂಪ್ಯೂಟರಿನಲ್ಲಿ ಒಮ್ಮೆಯಾದರೂ ತೆರೆದ ಗುರುತು ಇಲ್ಲ ಅಂತ ವರದಿ ಹೇಳಿತು. ಅದೇ ವರ್ಷ ಗಡ್ಲಿಂಗ್ ಅವರ ಕಂಪ್ಯೂಟರ್ ಬಗ್ಗೆ ಇಂಥದೇ ವರದಿ ಬಂತು. ಸ್ಟ್ಯಾನ್ ಸ್ವಾಮಿ ಅವರ ಕಂಪ್ಯೂಟರ್ ಬಗ್ಗೆ 2022ರ ಡಿಸೆಂಬರಿನಲ್ಲಿ ಬಂತು. ಅಷ್ಟೊತ್ತಿಗೆ ಸ್ಟ್ಯಾನ್ ಸ್ವಾಮಿ ತೀರಿಕೊಂಡು ಒಂದು ವರ್ಷದ ಮೇಲಾಗಿತ್ತು, 2021ರ ಜುಲೈ 5.

ಎನ್‌ಐಎ ಈ ವರದಿಗಳನ್ನ ಒಪ್ಪಿಲ್ಲ. ಕೋರ್ಟಿನಲ್ಲಿ ಇವು ವಿಚಾರಣೆ ಹೊತ್ತಿಗೆ ಪರೀಕ್ಷೆ ಆಗಬೇಕು. ಅದೂ ಹೇಳಬೇಕಾದ ಮಾತೇ, ಹೇಳಿದೆ. ಆದರೆ ನನ್ನ ಪ್ರಶ್ನೆ ಬೇರೆ. ಈ ವರದಿ ಬರಾಕ ಸಾಧ್ಯ ಆದದ್ದು ಹೇಗೆ? ಆ ಡಿಸ್ಕ್ ಉಳಿದಿತ್ತು, ಅದಕ್ಕೆ. ಸಿಟ್ಟಿನಲ್ಲೋ ಭಯದಲ್ಲೋ ಯಾರೋ ಅದನ್ನ ಮೊದಲೇ ಫಾರ್ಮ್ಯಾಟ್ ಹೊಡೆದಿದ್ದರೆ, ತನಿಖೆಯವರ ಮಾತೊಂದೇ ಉಳಿಯುತ್ತಿತ್ತು. ಆರೋಪಿಯನ್ನ ಜೈಲಿಗೆ ಕಳಿಸಿದ ವಸ್ತುವೇ ಆರೋಪಿಯ ಪರವಾಗಿ ಮಾತಾಡಿತು.

ಇನ್ನೊಂದು ಪಾಠವೂ ಐತಿ, ಅದು ನಮ್ಮ ಮನೆ ಹತ್ತಿರದ್ದು. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾದ ಸಾಂಖಳಿ. ಅಲ್ಲಿನ ಗೋವಾ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ನಲ್ಲಿ ಆನಂದ್ ತೇಲ್ತುಂಬ್ಡೆ ಪ್ರೊಫೆಸರ್ ಆಗಿದ್ದರು. 2018ರ ಆಗಸ್ಟ್ 28ರಂದು ಅವರು ಊರಲ್ಲಿ ಇಲ್ಲದಾಗ ಅವರ ಮನೆ ಶೋಧ ಆಯ್ತು. 2020ರ ಏಪ್ರಿಲ್ 14, ಬಾಬಾಸಾಹೇಬರ ಜಯಂತಿಯ ದಿನ, ಅವರು ಶರಣಾದರು. 2022ರ ನವೆಂಬರ್ 26, ಸಂವಿಧಾನ ದಿನ, ಜಾಮೀನಿನ ಮೇಲೆ ಹೊರಬಂದರು. ಎರಡೂವರೆ ವರ್ಷದ ಮೇಲೆ ಜೈಲು. ಅವರ ವಿರುದ್ಧ ಮುಂದಿಟ್ಟ ಪತ್ರಗಳು ಅವರ ಕಂಪ್ಯೂಟರಿನಲ್ಲಿ ಸಿಕ್ಕಿದ್ದಲ್ಲ, ಇನ್ನೊಬ್ಬರ ಕಂಪ್ಯೂಟರಿನಲ್ಲಿ ಸಿಕ್ಕಿದ್ದು. ಅರ್ಥ ಆಯ್ತಲ್ಲ? ನಿನ್ನ ಮನೆಯ ಕಂಪ್ಯೂಟರ್ ಸೋರಿದರೆ ಮುಳುಗೋದು ನೀನೊಬ್ಬನೇ ಅಲ್ಲ.

"ಅವ್ರು ದೊಡ್ಡ ಮಂದಿ ಅಣ್ಣಾ, ನಮ್ಮ ಕಂಪ್ಯೂಟರ್ ಯಾರ್ ನೋಡ್ತಾರ?" ಅಂತ ಗೆಳೆಯರು ಕೇಳ್ತಾರೆ. ಕೇಳ್ರಿ. ನೆಟ್‌ವೈರ್ ಅನ್ನೋದು ಸರ್ಕಾರಗಳ ಗುಪ್ತ ಅಸ್ತ್ರ ಏನಲ್ಲ. ಆನ್‌ಲೈನ್‌ನಲ್ಲಿ ಬಹಿರಂಗವಾಗಿ ವರ್ಷಗಟ್ಟಲೆ ಮಾರುತ್ತಿದ್ದ ಅಗ್ಗದ ಸರಕು. 2023ರ ಮಾರ್ಚಿನಲ್ಲಿ ಅಮೆರಿಕದ ಎಫ್‌ಬಿಐ ಅದರ ವೆಬ್‌ಸೈಟ್ ಮುಚ್ಚಿಸಿತು, ಕ್ರೊಯೇಷಿಯಾದಲ್ಲಿ ಒಬ್ಬನ ಬಂಧನ ಆಯ್ತು. ಒಂದು ಹೋದರೆ ಇನ್ನೊಂದು ಬರುತ್ತದೆ. ಊರ ಗೌಡನ ಹತ್ತಿರ ಪೆಗಾಸಸ್ ಇರಬೇಕಾಗಿಲ್ಲ, ಮೊಬೈಲ್ ಅಂಗಡಿಯ ಒಬ್ಬ ಹುಷಾರ್ ಹುಡುಗ ಇದ್ದರೆ ಸಾಕು. ಮತ್ತೆ ನಮ್ಮ ಹತ್ತಿರ ಕದಿಯಾಕ ಏನೈತಿ ಅಂತೀರಿ? ಊರು ಎದುರು ಹಾಕಿಕೊಂಡು ನಿಂತ ಹೆಣ್ಣುಮಗಳ ದೂರು ಐತಿ. ನಲವತ್ತು ಹುಡುಗರ ಆಧಾರ್ ಐತಿ. ಇದಕ್ಕಿಂತ ಬೆಲೆಬಾಳೋದು ಇನ್ನೇನು ಬೇಕು?

ಇನ್ನು ಗುರುತು ಹಿಡಿಯೋದು ಹೇಗೆ?

ಮೊದಲ ಮಾತು: ಕೂಗೋದು ಕಳ್ಳ ಅಲ್ಲ. ಕೂಗುವವನು ಬೇರೆ ಥರದ ಕಳ್ಳ. ಸ್ಕ್ರೀನ್ ತುಂಬ ಕೆಂಪು ಅಕ್ಷರ, "ನಿಮ್ಮ ಕಂಪ್ಯೂಟರ್ ಹ್ಯಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಬಂದರೆ, ಅಲ್ಲಿ ಇನ್ನೂ ಹ್ಯಾಕ್ ಆಗಿರೋದಿಲ್ಲ. ನೀವು ಫೋನ್ ಮಾಡಿ, ಅವರು ಹೇಳಿದ ಆ್ಯಪ್ ಹಾಕಿಕೊಂಡ ಮೇಲೆ ಆಗುತ್ತದೆ. ಭಯ ಹುಟ್ಟಿಸಿ ರೊಕ್ಕ ಕೀಳುವ ಈ ಧಂದೆ ದೂರದ್ದಲ್ಲ. 2025ರ ನವೆಂಬರಿನಲ್ಲಿ ನಮ್ಮ ಬೆಳಗಾವಿ ನಗರದಲ್ಲೇ ಪೊಲೀಸರು ಒಂದು ನಕಲಿ ಕಾಲ್ ಸೆಂಟರ್ ಮೇಲೆ ದಾಳಿ ಮಾಡಿ 33 ಮಂದಿಯನ್ನ ಬಂಧಿಸಿದರು. ಇಲ್ಲಿ ಕುಂತು ಅಮೆರಿಕದವರಿಗೆ ಸುಳ್ಳು ಹೇಳಿ ದೋಚುತ್ತಿದ್ದರು. ಅದೇ ವರ್ಷ ಮಾರ್ಚಿನಲ್ಲಿ ನಮ್ಮ ತಾಲೂಕಿನ ಬೀಡಿ ಗ್ರಾಮದಲ್ಲಿ ವಯಸ್ಸಾದ ಗಂಡ ಹೆಂಡತಿ ಜೀವ ಕಳೆದುಕೊಂಡರು. "ನಿಮ್ಮ ಹೆಸರಿನ ಮೇಲೆ ಕೇಸ್ ಐತಿ" ಅಂತ ಅಧಿಕಾರಿಗಳ ಸೋಗಿನಲ್ಲಿ ಹೆದರಿಸಿ 50 ಲಕ್ಷಕ್ಕೂ ಹೆಚ್ಚು ಹಣ ಕಿತ್ತಿದ್ದರು. ಆ ಹಿರಿಯರು ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತೋ ಅಂತ ಇವತ್ತಿಗೂ ಸಂಕಟ ಆಗುತ್ತದೆ. ನಾಚಿಕೆ, ಭಯ, ಒಬ್ಬರೇ ನುಂಗಿಕೊಳ್ಳೋದು, ಇವೇ ಕಳ್ಳರ ಬಂಡವಾಳ.

ಖರೇ ಹ್ಯಾಕ್ ಸಪ್ಪಳ ಮಾಡೋದಿಲ್ಲ. 22 ತಿಂಗಳು ಒಬ್ಬರಿಗೆ ಗೊತ್ತಾಗದೇ ಇರುತ್ತದೆ. ಆದರೂ ಕೆಲವು ಗುರುತು ಇರ್ತಾವ:

ನೀವು ಕಳಿಸದ ಮೇಲ್ ನಿಮ್ಮ ಸೆಂಟ್ ಬಾಕ್ಸಿನಲ್ಲಿ ಇರೋದು. ಮೇಲ್ ಸೆಟ್ಟಿಂಗಿನಲ್ಲಿ ನೀವು ಹಾಕದ ಫಾರ್ವರ್ಡಿಂಗ್ ವಿಳಾಸ ಅಥವಾ ಫಿಲ್ಟರ್ ಇರೋದು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಕೆಳಗಡೆ ಬಲಕ್ಕೆ "ಡಿಟೇಲ್ಸ್" ಒತ್ತಿದರೆ ಇತ್ತೀಚೆಗೆ ಎಲ್ಲೆಲ್ಲಿಂದ ತೆರೆದಿದ್ದಾರೆ ಅಂತ ಕಾಣುತ್ತದೆ. ಅಲ್ಲಿ ಗುರುತಿಲ್ಲದ ಊರು, ಗುರುತಿಲ್ಲದ ಹೊತ್ತು ಇರೋದು. ನೀವು ಕೇಳದ ಒಟಿಪಿ ರಾತ್ರಿ ಎರಡಕ್ಕೆ ಬರೋದು. ಆಂಟಿವೈರಸ್ ತಾನಾಗೇ ಬಂದ್ ಆಗಿ, ಮತ್ತೆ ಚಾಲೂ ಮಾಡಿದರೂ ಆಗದೇ ಇರೋದು. ನೀವು ಹಾಕದ ಎನಿಡೆಸ್ಕ್, ಟೀಮ್‌ವ್ಯೂವರ್ ಥರದ ಪ್ರೋಗ್ರಾಮು ಪಟ್ಟಿಯಲ್ಲಿ ಕಾಣೋದು. ವಾಟ್ಸಾಪ್‌ನಲ್ಲಿ "ಲಿಂಕ್ಡ್ ಡಿವೈಸಸ್" ತೆಗೆದರೆ ಗುರುತಿಲ್ಲದ ಕಂಪ್ಯೂಟರ್ ಇರೋದು. ಮೌಸ್ ಬಾಣ ಯಾರೂ ಮುಟ್ಟದೆ ನೆಟ್ಟಗೆ ಹೋಗಿ ಫೈಲ್ ತೆರೆಯೋದು.

ಮತ್ತೆ, ಸುಮ್ಮನೆ ಹೆದರಬ್ಯಾಡ್ರಿ. ಕಂಪ್ಯೂಟರ್ ಸ್ಲೋ ಆದದ್ದೆಲ್ಲ ಹ್ಯಾಕ್ ಅಲ್ಲ. ಹಳೇ ಡಬ್ಬಿ ಸ್ಲೋ ಇದ್ದೇ ಇರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುತ್ತದೆ. ಕೆಲವು ಕಂಪ್ಯೂಟರು ಕರೆಂಟ್ ಬಂದ ಕೂಡಲೇ ತಾವೇ ಚಾಲೂ ಆಗ್ತಾವ. ಅದು ಹ್ಯಾಕರ್ ಅಲ್ಲ, ಸೆಟ್ಟಿಂಗ್.

ಇನ್ನು ನಿಜವಾಗಿ ಸಂಶಯ ಬಂದರೆ ಏನು ಮಾಡಬೇಕು? ನಾನು ಮಾಡದೇ ಇದ್ದದ್ದನ್ನೆಲ್ಲ ಕ್ರಮವಾಗಿ ಬರೆಯುತ್ತೇನೆ.

1. ಮೊದಲು ಇಂಟರ್‌ನೆಟ್ ಕಿತ್ತು ಹಾಕ್ರಿ. ವೈರ್ ಇದ್ದರೆ ವೈರ್, ವೈಫೈ ಇದ್ದರೆ ವೈಫೈ, ಮೊಬೈಲ್ ಹಾಟ್‌ಸ್ಪಾಟ್ ಇದ್ದರೆ ಅದು. ಕಳ್ಳ ಒಳಗೆ ಬರುವ ದಾರಿ ಅದೇ.

2. ಏನನ್ನೂ ಅಳಿಸಬ್ಯಾಡ್ರಿ. ಮೊಬೈಲ್‌ನಿಂದ ಸ್ಕ್ರೀನಿನ ಫೋಟೋ ತಗೀರಿ. ಆ ಫಾರ್ವರ್ಡಿಂಗ್ ವಿಳಾಸ, ಆ ಮೇಲ್, ಆ ಪ್ರೋಗ್ರಾಮಿನ ಹೆಸರು, ಎಲ್ಲಾ. ಒಂದು ವಹಿಯಲ್ಲಿ ತಾರೀಖು, ಹೊತ್ತು ಹಾಕಿ, ಯಾರು ಏನು ನೋಡಿದರು ಅಂತ ಬರೀರಿ. ಇದು ನಮ್ಮ ಪಂಚನಾಮೆ.

3. ಬೇರೆ ಫೋನಿನಿಂದ ಅಥವಾ ಬೇರೆ ಕಂಪ್ಯೂಟರಿನಿಂದ ಪಾಸ್‌ವರ್ಡ್ ಬದಲು ಮಾಡ್ರಿ. ಅದೇ ಕಂಪ್ಯೂಟರಿನಲ್ಲಿ ಕುಂತು ಬದಲು ಮಾಡಿದರೆ ಹೊಸ ಪಾಸ್‌ವರ್ಡೂ ಕಳ್ಳನ ಕೈಗೆ ಹೋಗುತ್ತದೆ. ಮೊದಲು ಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದದ್ದು. ಮೇಲ್ ಹೋದರೆ ಉಳಿದ ಎಲ್ಲಾ ಬಾಗಿಲ ಕೀಲಿ ಹೋದಂಗೆ. ಎಲ್ಲಾ ಡಿವೈಸಿನಿಂದ ಸೈನ್ ಔಟ್ ಮಾಡಿ ಎರಡು ಹಂತದ ವೆರಿಫಿಕೇಶನ್ ಹಾಕ್ರಿ.

4. ಸಂಘಟನೆಯವರಿಗೆ ಅವತ್ತೇ ಹೇಳ್ರಿ. ಮೇಲ್‌ನಲ್ಲಿ ಅಲ್ಲ, ಫೋನ್ ಮಾಡಿ ಅಥವಾ ಮುಖಾಮುಖಿ. ಯಾರ ಕಾಗದ ಆ ಕಂಪ್ಯೂಟರಿನಲ್ಲಿತ್ತೋ ಅವರಿಗೆ ಮೊದಲು. ಆ ಅಕ್ಕನಿಗೆ ಎದುರು ಪಾರ್ಟಿ ಬರುವ ಮೊದಲು ನಾನು ಹೋಗಿ ಹೇಳುವಂತಿದ್ದರೆ, ಅವಳು ಬಾಗಿಲಲ್ಲಿ ಒಬ್ಬಳೇ ನಿಲ್ಲುತ್ತಿರಲಿಲ್ಲ. ದೌರ್ಜನ್ಯ ತಡೆ ಕಾಯ್ದೆಗೆ ತಿದ್ದುಪಡಿಯಲ್ಲಿ ಸೇರಿದ 15ಎ ಕಲಮಿನ ಪ್ರಕಾರ ಸಂತ್ರಸ್ತರಿಗೂ ಸಾಕ್ಷಿದಾರರಿಗೂ ಬೆದರಿಕೆಯಿಂದ ರಕ್ಷಣೆ ಕೊಡೋದು ಸರ್ಕಾರದ ಕರ್ತವ್ಯ. ಅದನ್ನ ಕೇಳಾಕ ನಮಗೆ ಮೊದಲು ಸುದ್ದಿ ಗೊತ್ತಿರಬೇಕಲ್ಲ.

5. ಕಂಪ್ಯೂಟರ್ ಬಂದ್ ಮಾಡಿ, ಹಾರ್ಡ್ ಡಿಸ್ಕ್ ಬಿಚ್ಚಿಸಿ ತಗೀರಿ. ಹೊಸ ಡಿಸ್ಕ್ ಹಾಕಿ ಹೊಸದಾಗಿ ಸಿಸ್ಟಮ್ ಹಾಕಿಸಿಕೊಳ್ರಿ, ಕೆಲಸ ನಿಲ್ಲೋದು ಬ್ಯಾಡ. ಹಳೇ ಡಿಸ್ಕಿನ ಮೇಲಿನ ಸೀರಿಯಲ್ ನಂಬರಿನ ಫೋಟೋ ತೆಗೆದು, ಲಕೋಟೆಯಲ್ಲಿ ಹಾಕಿ ಅಂಟಿಸಿ, ಮೇಲೆ ತಾರೀಖು ಬರೆದು ಇಬ್ಬರ ಸಹಿ ಹಾಕಿಸಿ ಇಡ್ರಿ. ಆಮೇಲೆ "ಒಮ್ಮೆ ನೋಡೋಣ" ಅಂತ ಯಾವ ಕಂಪ್ಯೂಟರಿಗೂ ಹಚ್ಚಬ್ಯಾಡ್ರಿ. ಹಚ್ಚಿದ ಕೂಡಲೇ ಒಳಗಿನ ತಾರೀಖುಗಳು ಬದಲಾಗುವ ಸಾಧ್ಯತೆ ಇರ್ತದ. ಅಂಗಡಿಯವನು "ಎಕ್ಸ್‌ಚೇಂಜಿಗೆ ಕೊಡ್ರಿ" ಅಂದರೂ ಕೊಡಬ್ಯಾಡ್ರಿ.

6. ದೂರು ಕೊಡ್ರಿ. ರೊಕ್ಕ ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಫೋನ್. ಎಷ್ಟು ಬೇಗ ಹೇಳಿದರೆ ಅಷ್ಟು ಹಣ ತಡೆಹಿಡಿಯುವ ಅವಕಾಶ. ಉಳಿದದ್ದಕ್ಕೆ ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್ಲು, ಬೆಳಗಾವಿಯಲ್ಲಿ ಸಿಇಎನ್ ಠಾಣೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ನೇ ಕಲಮು ಹ್ಯಾಕಿಂಗಿಗೆ, 66ಸಿ ಇನ್ನೊಬ್ಬರ ಪಾಸ್‌ವರ್ಡ್, ಗುರುತು ಕದ್ದದ್ದಕ್ಕೆ. ಎರಡಕ್ಕೂ ಮೂರು ವರ್ಷದ ತನಕ ಜೈಲು.

"ಪೊಲೀಸ್ರಿಗೆ ಹೇಳಿ ಏನಾಗತೈತಿ?" ಅಂತ ನೀವು ಕೇಳ್ತೀರಿ, ನನಗೆ ಗೊತ್ತು. ನಮ್ಮ ಅನುಭವ ಹಂಗೇ ಐತಿ. ದೌರ್ಜನ್ಯದ ದೂರನ್ನೇ ತಗೊಳ್ಳದೆ ತಾಸುಗಟ್ಟಲೆ ಕೂಡಿಸುವವರು ಕಂಪ್ಯೂಟರಿನ ದೂರು ತಗೊಂಡಾರಾ? ಆದರೆ ದೂರಿನಿಂದ ಅಪರಾಧಿ ಸಿಗದಿದ್ದರೂ ಒಂದು ತಾರೀಖು ಸಿಗುತ್ತದೆ. "ಇಂಥ ದಿನ ನನ್ನ ಕಂಪ್ಯೂಟರಿಗೆ ಬೇರೆಯವರು ಹೊಕ್ಕಿದ್ದರು ಅಂತ ನಾನು ಬರೆದು ಕೊಟ್ಟಿದ್ದೇನೆ." ನಾಳೆ ನಿಮ್ಮ ಹೆಸರಿನಲ್ಲಿ ಒಂದು ಕೆಟ್ಟ ಪತ್ರ ಹೊರಬಂದರೆ, ಆ ಸ್ವೀಕೃತಿಯ ತುಂಡು ಕಾಗದ ನಿಮ್ಮ ಬೆನ್ನಿಗೆ ನಿಲ್ಲುತ್ತದೆ. ಪೆಟ್ಟು ತಿಂದ ದಿನದ ದವಾಖಾನೆ ಚೀಟಿ ಇದ್ದಂಗೆ.

ಇದರ ಇನ್ನೊಂದು ಬದಿ, ಪೊಲೀಸರೇ ಮನೆಗೆ ಬಂದು ಕಂಪ್ಯೂಟರ್ ಒಯ್ಯುವಾಗಿನ ನಮ್ಮ ಹಕ್ಕು. ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಕರ್ನಾಟಕ ಹೈಕೋರ್ಟು 2021ರ ಮಾರ್ಚಿನಲ್ಲಿ ಕಂಪ್ಯೂಟರ್, ಮೊಬೈಲ್ ಶೋಧಕ್ಕೆ ಸೂಚನೆಗಳನ್ನ ಹೇಳಿದೆ: ಇದ್ದ ಸ್ಥಿತಿಯಲ್ಲಿ ಫೋಟೋ ತೆಗೆಯಬೇಕು, ಬಂದ್ ಇದ್ದದ್ದನ್ನ ಚಾಲೂ ಮಾಡಬಾರದು, ಫೊರೆನ್ಸಿಕ್ ತಿಳಿದವರು ಜೊತೆಗಿರಬೇಕು. 2024ರ ಜುಲೈ 1ರಿಂದ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್ 105ನೇ ಕಲಮು ಶೋಧ, ವಶ ಎಲ್ಲವನ್ನೂ ವಿಡಿಯೋ ಮಾಡಬೇಕು ಅನ್ನುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಅಂದರೆ ಡಿಸ್ಕಿನ ಬೆರಳಚ್ಚು ಅಂತ ತಿಳೀರಿ. ಒಳಗೆ ಒಂದು ಅಕ್ಷರ ಬದಲಾದರೂ ಬೆರಳಚ್ಚು ಬದಲಾಗುತ್ತದೆ. "ಸಾಹೇಬ್ರ, ಹ್ಯಾಶ್ ಬರದ ಕೊಡ್ರಿ" ಅಂತ ಕೇಳೋದನ್ನ ನಮ್ಮ ಪ್ರತಿಯೊಬ್ಬ ಕಾರ್ಯಕರ್ತ ಕಲಿಯಬೇಕು. ಎಫ್‌ಐಆರ್ ಪ್ರತಿ ಕೇಳೋದನ್ನ ನಾವು ಕಲಿತಿಲ್ಲೇನು? ಇದೂ ಹಂಗೇ.

ಕಡೆಗೆ ನಮ್ಮದೇ ತಪ್ಪುಗಳ ಬಗ್ಗೆ ಎರಡು ಮಾತು. ನಾವು ಹಾಕಿಸೋದು ಕಳ್ಳ ವಿಂಡೋಸ್. ಅದಕ್ಕೆ ಆಕ್ಟಿವೇಟರ್ ಹಾಕಾಕ ಅಂಗಡಿಯವನು ಮೊದಲು ಆಂಟಿವೈರಸ್ ಬಂದ್ ಮಾಡ್ತಾನೆ. ಅಂದರೆ ಕಾವಲುಗಾರನನ್ನ ಮನೆಗೆ ಕಳಿಸಿ ಬಾಗಿಲು ತೆಗೆದಿಟ್ಟಂಗೆ. ವಿಂಡೋಸ್ 10ಕ್ಕೆ ಕಂಪನಿ ಕೊಡುತ್ತಿದ್ದ ಮಾಮೂಲು ಅಪ್‌ಡೇಟು 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಮ್ಮ ಮನೆಗಳಲ್ಲಿ ಇನ್ನೂ ಅದೇ ಐತಿ. ರೊಕ್ಕ ಇಲ್ಲ ಅಂದರೆ ಲಿನಕ್ಸ್ ಪುಕ್ಕಟೆ ಸಿಗುತ್ತದೆ, ಹಳೇ ಕಂಪ್ಯೂಟರಿಗೂ ಓಡುತ್ತದೆ, ಕನ್ನಡವೂ ಬರುತ್ತದೆ. ದೂರುಗಳ ಕರಡು, ಫೋಟೋ, ಇವುಗಳನ್ನ ಗಲ್ಲಿಯ ಹುಡುಗರು ಗೇಮ್ ಆಡುವ ಕಂಪ್ಯೂಟರಿನಲ್ಲಿ ಇಡಬ್ಯಾಡ್ರಿ. ಒಂದು ಪೆನ್‌ಡ್ರೈವ್‌ಗೆ ಪಾಸ್‌ವರ್ಡ್ ಹಾಕಿ ಅದರಲ್ಲಿ ಇಟ್ಟು, ಕೆಲಸ ಮುಗಿದ ಮೇಲೆ ತೆಗೆದು ಬೇರೆ ಕಡೆ ಇಡ್ರಿ. ಯಾರೇ ಕಳಿಸಿದ ಜಿಪ್ ಫೈಲಿರಲಿ, ತೆರೆಯುವ ಮೊದಲು ಫೋನ್ ಮಾಡಿ "ನೀವ ಕಳಿಸೀರೇನ್ರಿ?" ಅಂತ ಕೇಳ್ರಿ. ನಾಚಬ್ಯಾಡ್ರಿ. ಪರಿಚಯದವರ ಹೆಸರಿನಲ್ಲೇ ಬರುತ್ತದೆ ಅನ್ನೋದು ರೋನಾ ವಿಲ್ಸನ್ ಕೇಸಿನಲ್ಲೇ ನೋಡಿದ್ದೇವೆ.

ಕೆಲವರು "ಕಂಪ್ಯೂಟರ್ ಸಹವಾಸನ ಬ್ಯಾಡ, ಮೊದಲಿನಂಗ ಕೈಲೆ ಬರಿಯೋಣು" ಅಂತಾರೆ. ನಾನು ಒಪ್ಪೋದಿಲ್ಲ. ಅರ್ಜಿ, ಪಹಣಿ, ಸ್ಕಾಲರ್‌ಶಿಪ್ಪು, ಕೋರ್ಟಿನ ತಾರೀಖು ಎಲ್ಲಾ ಅದರೊಳಗೇ ಹೋಗಿದೆ. ಕೆರೆಯ ನೀರು ಕೆಡಿಸಿದವರು ಯಾರು ಅಂತ ಕೇಳಬೇಕೇ ಹೊರತು ಕೆರೆಯನ್ನೇ ಬಿಟ್ಟು ಬರೋದಲ್ಲ.

ಆ ಅಕ್ಕ ಹೋದ ತಿಂಗಳು ಖಾನಾಪುರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಮಾತಾಡಿಸಿದಳು. ಮಗಳ ಸ್ಕಾಲರ್‌ಶಿಪ್ ಅರ್ಜಿ ಹಾಕಬೇಕಿತ್ತಂತೆ. "ನಿಮ್ಮ ಮನಿ 'ಮಶೀನ್' ಈಗ ಸುಮಾರ ಐತೇನ್ರಿ ಸರ್?" ಅಂತ ಕೇಳಿದಳು. ಆ ಪ್ರಶ್ನೆಗೆ ಉತ್ತರ ಕೊಡಾಕ ಈ ಪೋಸ್ಟ್ ಬರೆಯುತ್ತಿದ್ದೇನೆ. ಮಶೀನ್ ಚಲೋ ಐತಿ ಅಂತ ನಾನು ಅವಳಿಗೆ ಮಾತು ಕೊಡಲಾರೆ. ಆದರೆ ಇನ್ನೊಮ್ಮೆ ಏನಾದರೂ ಆದರೆ ಮೊದಲು ಅವಳಿಗೆ ಹೇಳುತ್ತೇನೆ, ಸಾಕ್ಷಿ ತೊಳೆಯೋದಿಲ್ಲ ಅಂತ ಮಾತು ಕೊಟ್ಟಿದ್ದೇನೆ.

ನಮ್ಮ ಅಳಿಯನಿಗೂ ಇಲ್ಲಿ ಎಲ್ಲರ ಮುಂದೆ ಒಂದು ಮಾತು. ತಮ್ಮಾ, ನಿನ್ನ ಮೇಲೆ ಬೆರಳು ತೋರಿಸಿದಾಗ ನಾನು ಸುಮ್ಮನಿದ್ದೆ. ತಪ್ಪು ನಂದು.

ಈ ಐತವಾರ ಅರ್ಧ ತಾಸು ತೆಗೆದಿಡ್ರಿ. ಮೇಲ್‌ನ ಫಾರ್ವರ್ಡಿಂಗ್, ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್, ಆಂಟಿವೈರಸ್ ಚಾಲೂ ಐತೋ ಇಲ್ಲೋ, ಈ ಮೂರು ನೋಡ್ರಿ. ಏನಾದರೂ ಕಂಡರೆ ಅಳಿಸಬ್ಯಾಡ್ರಿ, ಫೋಟೋ ತಗೀರಿ, ಯಾರಿಗಾದರೂ ಹೇಳ್ರಿ. ಇದನ್ನ ನಿಮ್ಮ ಊರಿನ ಹುಡುಗರ ಗ್ರೂಪಿಗೆ ಕಳಿಸ್ರಿ. ಓದಾಕ ಬರದ ಹಿರಿಯರಿಗೆ ಓದಿ ಹೇಳ್ರಿ.

ಜೈ ಭೀಮ್.